ಮಿಯಾಕೆಯವರಿಗೆ ಬಾಗದ ಮರ

ಮೂವತ್ತೆಂಟು ವರ್ಷ ಕಂಡವರಿಗೆಲ್ಲ ಬಾಗಿದ ಸೊಂಟ ಮಿಯಾಕೆಯವರದು. ಜಪಾನಿನ ನಮ್ಮ ತಕಾಮತ್ಸು ಊರಿನ ದೊಡ್ಡ ಅಂಗಡಿಯೊಂದರಲ್ಲಿ ಗಿರಾಕಿಗಳ ದೂರು ಕೇಳುವ ವಿಭಾಗಕ್ಕೆ ಅವರೇ ಯಜಮಾನರು. ಕೊಂಡ ಕೊಡೆ ಸೋರಿತೋ, ಬೂಟು ಕಚ್ಚಿತೋ, ಮದುವೆಯ ಉಡುಗೊರೆ ತಪ್ಪಿ ಸಾವಿನ ಮನೆಯ ಕಾಗದದಲ್ಲಿ ಸುತ್ತಿಕೊಂಡು ಹೋಯಿತೋ, ಕೌಂಟರಿನ ಹಿಂದೆ ಮಿಯಾಕೆಯವರು ಬಾಗುತ್ತಿದ್ದರು. ಬರಿಯ ನಮಸ್ಕಾರಕ್ಕೆ ಹದಿನೈದು ಡಿಗ್ರಿ, ಸಣ್ಣ ತಪ್ಪಿಗೆ ಮೂವತ್ತು, ದೊಡ್ಡ ತಪ್ಪಿಗೆ ನಲವತ್ತೈದು. (ಮದುವೆಯ ಉಡುಗೊರೆಯ ದಿನ ಎಷ್ಟು ಬಾಗಿದರೆಂದು ಅವರು ಯಾರಿಗೂ ಹೇಳಿಲ್ಲ.)

ಮನೆಯ ಹೊಸ್ತಿಲು ದಾಟಿದರೆ ಮಾತ್ರ ಆ ಸೊಂಟ ಕಂಬದ ಹಾಗೆ ನೆಟ್ಟಗಾಗುತ್ತಿತ್ತು. ಮನೆಯಲ್ಲಿ ಅವರ ಪದಸಂಪತ್ತು ಮೂರೇ ಮಾತು: ಊಟ, ಸ್ನಾನ, ನಿದ್ದೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ಫುಸಾಯೆ ಮೊದಮೊದಲು ಗೊಣಗುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ನಿವೃತ್ತಿಯಾಯಿತು. ಒಂದು ತಿಂಗಳು ಚಹಾ ಕುಡಿದು ಪತ್ರಿಕೆ ಓದಿದ ಮೇಲೆ ಮಿಯಾಕೆಯವರಿಗೆ ಒಂದು ಕೊರಗು ಹತ್ತಿಕೊಂಡಿತು. ಇಷ್ಟು ವರ್ಷ ತಾನು ಲಕ್ಷಾಂತರ ಜನಕ್ಕೆ ಬಾಗಿದ್ದಾಯಿತು, ತನಗೆ ಬಾಗಿದವರು ಯಾರು? ಮಗಳು ಮದುವೆಯಾಗಿ ಹೋಗಿದ್ದಳು. ಪಕ್ಕದ ಮನೆಯವರು ಕೈ ಬೀಸುತ್ತಿದ್ದರು, ಅಷ್ಟೇ. ಹೆಂಡತಿಯನ್ನು ಕೇಳುವ ಧೈರ್ಯ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಅವರು ಊರಂಚಿನ ಕಿನಾಶಿಗೆ ಹೋದದ್ದು. ಅಲ್ಲಿ ತಲೆತಲಾಂತರದಿಂದ ಪೈನ್ ಮರಗಳನ್ನು ಕುಂಡದಲ್ಲಿ ಕುಳ್ಳಗೆ ಬೆಳೆಸುತ್ತಾರೆ. ಬೊನ್ಸಾಯ್ ಸಂಘದ ಮನಾಬೆ ಮೇಷ್ಟ್ರಿಗೆ ಎಂಬತ್ತು ದಾಟಿತ್ತು. ಹೊಸ ಶಿಷ್ಯರಿಗೆ ಒಂದು ಹಳೆಯ ಮರ ತೋರಿಸಿ ಅವರು ಹೇಳಿದರು: "ಮರಕ್ಕೂ ಮುಖ ಬೆನ್ನು ಅಂತ ಇರುತ್ತೆ. ಒಳ್ಳೆ ಮರ ಎದುರಿಗೆ ನಿಂತೋರ ಕಡೆ ತಲೆ ಸ್ವಲ್ಪ ಬಗ್ಗಿಸಿರುತ್ತೆ, ನಮಸ್ಕಾರ ಮಾಡೋ ಹಾಗೆ."

ಮಿಯಾಕೆಯವರ ಕಿವಿ ನೆಟ್ಟಗಾಯಿತು. ನೀರು ಹಾಕುವುದನ್ನು ಕಲಿಯಲಿಕ್ಕೇ ಮೂರು ವರ್ಷ ಬೇಕು, ಹತ್ತು ದಿನಕ್ಕೊಮ್ಮೆ ಕುಂಡ ತಿರುಗಿಸಬೇಕು ಎಂದು ಮೇಷ್ಟ್ರು ಇನ್ನೂ ಏನೇನೋ ಹೇಳುತ್ತಿದ್ದರು. ಇವರು ಆಗಲೇ ಗೇಣುದ್ದದ ಒಂದು ಕಪ್ಪು ಪೈನ್ ಗಿಡವನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತಾಗಿತ್ತು.

ಜಗುಲಿಯ ಮೇಲೆ ಗಿಡದ ಪ್ರತಿಷ್ಠಾಪನೆಯಾಯಿತು. ಮುಖ ಕೋಣೆಯ ಕಡೆಗೆ, ಅಂದರೆ ಮಿಯಾಕೆಯವರು ಪತ್ರಿಕೆ ಓದುವ ಮೆತ್ತೆಯ ಕಡೆಗೆ. ಬೆನ್ನು ಹೊರಗೆ, ಫುಸಾಯೆ ಬಟ್ಟೆ ಒಣಹಾಕುವ ಕಡೆಗೆ. "ಮೂರನೇ ವರ್ಷ ಸಂಘದ ಪ್ರದರ್ಶನ ಇರುತ್ತೆ. ಮೇಷ್ಟ್ರು ಒಪ್ಪಿದ ಮರಕ್ಕೆ ಮಾತ್ರ ಅಲ್ಲಿ ಜಾಗ. ಇದು ಅಲ್ಲಿ ನಿಲ್ಲುತ್ತೆ, ನೋಡ್ತಿರು" ಎಂದು ಅವರು ಘೋಷಿಸಿದರು. ಒಂದೇ ಉಸಿರಿಗೆ ಗಂಡನ ಬಾಯಿಂದ ಇಷ್ಟು ಮಾತು ಬಂದದ್ದು ಕಂಡು ಫುಸಾಯೆಗೆ ಜ್ವರವೇನೋ ಎಂದು ಅನುಮಾನವಾಯಿತು.

ಮೊದಲ ವರ್ಷವೇ ಗಿಡ ಸಾಯಬೇಕಿತ್ತು. ನಮ್ಮೂರ ಗಿಡಕ್ಕೆ ನಮ್ಮೂರ ಸತ್ವವೇ ಬೇಕೆಂದು ಮಿಯಾಕೆಯವರು ಉದೋನ್ ಶಾವಿಗೆ ಬೇಯಿಸಿದ ನೀರನ್ನು ಆರಿಸಿ ಅದಕ್ಕೆ ಹಾಕುತ್ತಿದ್ದರು. (ಈ ಬುದ್ಧಿ ಮೂರು ಹೊತ್ತೂ ಉದೋನ್ ತಿನ್ನುವ ನಮ್ಮೂರವರಿಗೆ ಬಿಟ್ಟು ಇನ್ಯಾರಿಗೂ ಹೊಳೆಯಲಾರದು.) ಹಿಟ್ಟಿನ ಉಪ್ಪೆಲ್ಲ ಆ ನೀರಿನಲ್ಲಿ ಬಿಟ್ಟಿರುತ್ತದೆ. ಸೂಜಿಯೆಲೆಗಳ ತುದಿ ಕಂದಿದವು. ಫುಸಾಯೆ ಸದ್ದಿಲ್ಲದೆ ಬಟ್ಟೆಯ ಬಕೆಟ್ಟಿನ ಜೊತೆಗೆ ಒಂದು ತಂಬಿಗೆ ಒಳ್ಳೆಯ ನೀರನ್ನೂ ತಂದು ಹೊಯ್ಯತೊಡಗಿದರು. ಗಿಡ ಬದುಕಿತು. ಅದು ತಮ್ಮ ಶಾವಿಗೆ ನೀರಿನ ಮಹಿಮೆಯೆಂದು ಮಿಯಾಕೆಯವರು ಸಂಘದಲ್ಲಿ ಭಾಷಣ ಮಾಡಿ ಬಂದರು.

ಎರಡನೆಯ ವರ್ಷ ತಂತಿ ಸುತ್ತಿ ಗಿಡದ ತಲೆಯನ್ನು ತಮ್ಮ ಕಡೆಗೆ ಬಗ್ಗಿಸಿದರು. ತಂತಿ ಬಿಚ್ಚಿದ ನಾಲ್ಕು ತಿಂಗಳಲ್ಲಿ ಅದು ಮತ್ತೆ ಆಚೆ ವಾಲಿತು. ಮತ್ತೆ ಸುತ್ತಿದರು, ಮತ್ತೆ ವಾಲಿತು.

"ಕುಂಡ ತಿರುಗಿಸಿ ಅಂತ ಮೇಷ್ಟ್ರು ಹೇಳಿದ್ರಲ್ವೇನ್ರೀ?" ಎಂದು ಫುಸಾಯೆ ಕೇಳಿದರು.

"ತಿರುಗಿಸಿದ್ರೆ ನನಗೆ ಬೆನ್ನು ಹಾಕುತ್ತೆ ಕಣೇ. ಒಂದು ದಿನ ಬೆನ್ನು ಹಾಕಿ ಅಭ್ಯಾಸ ಆದ್ರೆ ಮುಗೀತು."

ಫುಸಾಯೆ ನಕ್ಕು ಹೊರಗೆ ಹೋದರು. ದಿನವೂ ಬೆಳಿಗ್ಗೆ ಆಕೆ ಬಕೆಟ್ ಕೆಳಗಿಟ್ಟು ಗಿಡಕ್ಕೆ ಸಣ್ಣಗೆ ತಲೆ ಬಾಗಿಸಿ, "ಏನಪ್ಪಾ, ಚೆನ್ನಾಗಿದ್ದೀಯಾ" ಎಂದು ವಿಚಾರಿಸಿ, ಬಟ್ಟೆ ಒಣಹಾಕಿ ಮುಗಿಸುವಷ್ಟರಲ್ಲಿ ಗಂಡನ ಮೇಲಿನ ದೂರುಗಳನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದರು. ಗಾಜಿನ ಬಾಗಿಲಿನ ಈಚೆಗೆ ಕೂತ ಮಿಯಾಕೆಯವರು ಇದನ್ನೂ ಆ ತಂಬಿಗೆ ನೀರನ್ನೂ ಹೆಂಗಸರ ಮೂಢನಂಬಿಕೆ ಎಂದು ತಿಳಿದು ಪುಟ ತಿರುಗಿಸುತ್ತಿದ್ದರು.

ಅವರಿಗೆ ಗಿಡದ ಮೇಲೆ ಪ್ರೀತಿ ಇರಲಿಲ್ಲವೆನ್ನಬೇಡಿ. ಚಂಡಮಾರುತ ಬೀಸಿದ ದಿನ ಅದನ್ನು ಒಳಗೆ ತಂದು ಸ್ನಾನದ ಮನೆಯಲ್ಲಿ ಇಟ್ಟರು. ಮದುವೆಯಾದಾಗಿನಿಂದ ಮೊದಲ ಸ್ನಾನ ಯಜಮಾನರದು. ಅಂದು ಅದನ್ನು ಗಿಡಕ್ಕೆ ಬಿಟ್ಟುಕೊಟ್ಟು, ಹಸಿ ಬಟ್ಟೆಯಲ್ಲಿ ಒಂದೊಂದು ಕೊಂಬೆಯ ಧೂಳನ್ನೂ ಒರೆಸಿದರು. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ತನಗೊಮ್ಮೆಯೂ ಸಿಗದ ಮರ್ಯಾದೆ ಇದು ಎಂದು ಫುಸಾಯೆ ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತೇ ಹೇಳಿದರು.

ಮೂರನೆಯ ಶರತ್ಕಾಲ ಬಂತು. ಸಂಘದ ಸಭಾಂಗಣದಲ್ಲಿ ಮನಾಬೆ ಮೇಷ್ಟ್ರು ಮಿಯಾಕೆಯವರ ಗಿಡದ ಎದುರು ಬಹಳ ಹೊತ್ತು ನಿಂತರು. ಮರ ಹಿಂದಕ್ಕೆ ವಾಲಿ, ಸಾಲ ಕೊಟ್ಟವನನ್ನು ಕಂಡವರ ಹಾಗೆ ಮೋರೆ ತಿರುಗಿಸಿಕೊಂಡಿತ್ತು. ಮೂರು ವರ್ಷದ ತಪಸ್ಸು ನೀರಿನಲ್ಲಿ ಹೋಮವಾಯಿತು ಎಂದುಕೊಂಡು ಮಿಯಾಕೆಯವರು ಕುಂಡ ಎತ್ತಿಕೊಳ್ಳಲು ಕೈ ಚಾಚಿದರು.

ಮೇಷ್ಟ್ರು ಆ ಕೈಯನ್ನು ಸರಿಸಿ ಕುಂಡವನ್ನು ಅರ್ಧ ಸುತ್ತು ತಿರುಗಿಸಿದರು. ಮರ ಅವರಿಗೆ ನಮ್ರವಾಗಿ ತಲೆಬಾಗಿತು.

"ಮುಖ ಇದು ಮಿಯಾಕೆಯವರೇ. ತಂತಿಗೆ ಬಗ್ಗಿದ್ದಲ್ಲ, ತಾನಾಗಿ ಬಗ್ಗಿರೋದು. ಈ ಕಡೆ ಏನಿದೆ ನಿಮ್ಮನೇಲಿ?"

"ಬಿಸಿಲು," ಎಂದರು ಮಿಯಾಕೆಯವರು. ಮರವನ್ನು ಮತ್ತೊಮ್ಮೆ ನೋಡಿ, "ಬಿಸಿಲು, ಆಮೇಲೆ ನನ್ನ ಹೆಂಡ್ತಿ" ಎಂದರು.

ಮರಕ್ಕೆ ಜಾಗ ಸಿಕ್ಕಿತು. ಮರದ ಒಡೆಯರು ಮೇಜಿನ ಹಿಂದೆ ನಿಂತು ಬಂದವರ ಪ್ರಶ್ನೆಗಳಿಗೆ ಉತ್ತರಿಸಬೇಕೆಂಬುದು ಸಂಘದ ನಿಯಮ. ಹೀಗಾಗಿ ನಿವೃತ್ತ ಮಿಯಾಕೆಯವರು ಮತ್ತೆ ಕೌಂಟರಿನ ಹಿಂದೆ ಬಂದು ನಿಂತಂತಾಯಿತು. ಮುಂದೆ ಅವರ ಮರ ಬಂದವರಿಗೆಲ್ಲ ಬಾಗಿತ್ತು. ಹಿಂದೆ ಅವರ ಸೊಂಟವೂ ಹಳೆಯ ಚಟಕ್ಕೆ ಬಿದ್ದು ಹದಿನೈದು ಡಿಗ್ರಿ, ಹದಿನೈದು ಡಿಗ್ರಿ ಎಂದು ಬಾಗುತ್ತಿತ್ತು. ಯಜಮಾನರ ಗುಣವೇ ಮರಕ್ಕೂ ಬಂದಿದೆ ಎಂದು ಜನ ಮೆಚ್ಚಿಕೊಂಡರು.

ಮಧ್ಯಾಹ್ನ ಬುತ್ತಿ ಹಿಡಿದು ಫುಸಾಯೆ ಬಂದರು. ಮರದ ಎದುರು ನಿಂತು ಎಂದಿನಂತೆ ತಲೆ ಬಾಗಿಸಿ ಯೋಗಕ್ಷೇಮ ವಿಚಾರಿಸಿದರು. ಮಿಯಾಕೆಯವರಿಗೆ ಶಾವಿಗೆ ನೀರು, ತಂಬಿಗೆ, ಸ್ನಾನದ ಮನೆಯ ಬಾಗಿಲಲ್ಲಿ ನಿಂತ ಟವೆಲ್ಲು ಎಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು. ಸೊಂಟ ತಾನಾಗಿಯೇ ಬಾಗಿತು. ಹದಿನೈದಲ್ಲ, ಮೂವತ್ತಲ್ಲ, ಪೂರಾ ನಲವತ್ತೈದು. ಪೈನ್ ಸೂಜಿಗಳು ಹಣೆಗೆ ಚುಚ್ಚಿದ ಮೇಲೇ ನಿಂತದ್ದು.

ಫುಸಾಯೆ ಬುತ್ತಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಮನಾಬೆಯವರ ಕಡೆ ತಿರುಗಿ ಕೇಳಿದರು: "ಮೇಷ್ಟ್ರೇ, ಇವರಿಗೂ ತಂತಿ ಹಾಕಿದ್ರಾ?"

ಮನೆಗೆ ಬಂದವರೇ ಮಿಯಾಕೆಯವರು ಕುಂಡವನ್ನು ಜಗುಲಿಯಲ್ಲಿಟ್ಟು, ಹೊಸದಾಗಿ ಸಿಕ್ಕ ಮುಖವನ್ನು ಮೆತ್ತೆಯ ಕಡೆಗೆ ತಿರುಗಿಸಹೊರಟರು. ಫುಸಾಯೆ ತಡೆದು, ಮರ ಮೂರು ವರ್ಷ ಇದ್ದ ಹಾಗೆಯೇ ಇರಲಿ ಎಂದರು.

"ಅದರ ನಮಸ್ಕಾರ ಬೇಕಾದ್ರೆ ನೀವೇ ಈ ಕಡೆ ಬನ್ನಿ" ಎಂದು ಬಕೆಟ್ಟನ್ನು ಗಂಡನ ಕೈಗಿತ್ತು, ಆ ದಿನದ ಮೊದಲ ಸ್ನಾನಕ್ಕೆ ಹೊರಟುಹೋದರು.

ಈಗ ದಿನವೂ ಬೆಳಿಗ್ಗೆ ಏಳು ಗಂಟೆಗೆ ಮಿಯಾಕೆಯವರು ಮರದ ಮುಂದೆ ಹಾಜರು. ಒಳಗೆ ಮೆತ್ತೆಯ ಮೇಲೆ ಫುಸಾಯೆ ಪತ್ರಿಕೆ ಓದುತ್ತಿರುತ್ತಾರೆ. ಹೊರಗೆ ಮರ ಮಿಯಾಕೆಯವರಿಗೆ ಭಕ್ತಿಯಿಂದ ಬಾಗಿರುತ್ತದೆ. ಅವರೂ ಅದಕ್ಕೆ ಬಾಗುತ್ತಾರೆ. (ಬಕೆಟ್ಟಿನಿಂದ ಮುಂದಿನ ಬಟ್ಟೆ ಎತ್ತಿಕೊಳ್ಳಬೇಕಲ್ಲ.)