ಕಂಪ್ಯೂಟರ್ ಆಗಿರುವ ಶಿಕ್ಷಕರನ್ನು ನಿಲ್ಲಿಸುವ ಬಗ್ಗೆ

ಸುತ್ತೋಲೆ ಸಂಖ್ಯೆ: ಶಾಕಂ/ನಡೆ/ನಿಲ್ಲು/೧೭

ವಿಷಯ: ಕಂಪ್ಯೂಟರ್ ವಿಜ್ಞಾನ ಕಲಿಸುವಾಗ ಶಿಕ್ಷಕರು ಶಾಲೆಯಿಂದ ಹೊರಟುಹೋಗುವುದನ್ನು ತಡೆಯುವ ಕುರಿತು.

ಉಲ್ಲೇಖ: ೧) ಕಳೆದ ಮಂಗಳವಾರ ಈ ಕಚೇರಿಗೆ ಖುದ್ದು ಬಂದ ಡ್ರಾಯಿಂಗ್ ಮೇಷ್ಟ್ರು. ೨) ಅವರ ಬೆನ್ನಿಗೆ ಬಂದ ನಲವತ್ತೊಂದು ಮಕ್ಕಳು.

ಏಳನೇ ತರಗತಿಗೆ ಕಂಪ್ಯೂಟರ್ ವಿಜ್ಞಾನ ಕಲಿಸಲು ಡ್ರಾಯಿಂಗ್ ಮೇಷ್ಟ್ರನ್ನು ನೇಮಿಸಲಾಗಿತ್ತು. ಕಂಪ್ಯೂಟರನ್ನು ನೇಮಿಸಲಾಗಿರಲಿಲ್ಲ. ಸದರಿ ಮೇಷ್ಟ್ರು ಎದೆಗುಂದದೆ, "ಇವತ್ತು ನಾನೇ ಕಂಪ್ಯೂಟರ್. ನೀವು ಬರೆದಷ್ಟೇ ಮಾಡ್ತೀನಿ, ಸ್ವಂತ ಬುದ್ಧಿ ಬಳಸಲ್ಲ" ಎಂದು ಘೋಷಿಸಿರುತ್ತಾರೆ. ಮಕ್ಕಳು "ಗೋಡೆ ಸಿಗುವವರೆಗೆ ನೇರ ನಡೆಯಿರಿ" ಎಂದು ಬರೆದಿರುತ್ತಾರೆ. ತರಗತಿಯ ಬಾಗಿಲು ತೆರೆದಿತ್ತು. ಗೇಟೂ ತೆರೆದಿತ್ತು. ರಸ್ತೆಯಾಚೆಗಿನ ಈ ಕಚೇರಿಯ ಬಾಗಿಲಂತೂ ಹಾರು ಹೊಡೆದಿತ್ತು. ಇಲ್ಲಿ ನಡೆಯುತ್ತಿದ್ದ ಸಭೆಯ ನಡುವೆ ಹಾದು, ಮೇಷ್ಟ್ರು ಕೆಳಸಹಿದಾರರ ಕುರ್ಚಿಯ ಹಿಂದಿನ ಗೋಡೆಗೆ ಮೂಗು ತಾಗಿಸಿ ನಿಂತರು.

"ಏನ್ರೀ ಇದು?" ಎಂದು ಮೂರು ಬಾರಿ ವಿಚಾರಿಸಲಾಯಿತು. "ಉತ್ತರಿಸಿ" ಎಂದು ಯಾರೂ ಬರೆದುಕೊಟ್ಟಿಲ್ಲದ ಕಾರಣ ಉತ್ತರ ಬಂದಿರುವುದಿಲ್ಲ. ಕೂಡಲೇ ಮೇಷ್ಟ್ರ ಅಮಾನತು ಆದೇಶ ಸಿದ್ಧವಾಯಿತು.

ಆಗ ಚಿನಕುರುಳಿ ಎಂದು ಕರೆಯಲ್ಪಡುವ ವಿದ್ಯಾರ್ಥಿನಿ, "ಬೈಬೇಡಿ ಸಾರ್, ತಪ್ಪು ಮೇಷ್ಟ್ರದ್ದಲ್ಲ, ನಮ್ದು" ಎಂದು ಅಳುಮೋರೆಯಲ್ಲೇ ಚೀಟಿ ಬರೆದಳು: "ಬಂದ ದಾರಿಯಲ್ಲೇ ಹಿಂದಿರುಗಿ. ಬೋರ್ಡು ಕಂಡರೆ ನಿಲ್ಲಿ." ಮೇಷ್ಟ್ರು ಕ್ಷೌರದಂಗಡಿಯ ಬೋರ್ಡಿನಡಿ ನಿಂತರು. ಆಕೆ ಚೀಟಿಯನ್ನು ತಿದ್ದಿ "ತರಗತಿಯ ಕರಿಹಲಗೆ" ಎಂದು ಬರೆದಳು. ಮೇಷ್ಟ್ರು ಕ್ಷೇಮವಾಗಿ ತರಗತಿ ಸೇರಿದರು.

ಬಳಿಕ ಚಿನಕುರುಳಿ ಮರಳಿ ಬಂದು ಅಮಾನತು ಆದೇಶವನ್ನು ಓದಿ, "ಇದ್ರಲ್ಲೂ ಎಲ್ಲೀವರೆಗೆ ಅಂತ ಬರೆದೇ ಇಲ್ವಲ್ಲ ಸಾರ್?" ಎಂದಳು. ಪರಿಶೀಲಿಸಲಾಗಿ, ಈ ಕಚೇರಿಯ ಇನ್ನೂರ ಹನ್ನೆರಡು ಆದೇಶಗಳಲ್ಲಿ ಅದೇ ದೋಷ ಕಂಡುಬಂದಿದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಶಿಕ್ಷಕರನ್ನು ಚಾಲೂ ಮಾಡುವ ಮುನ್ನ ಬಾಗಿಲು ಹಾಕತಕ್ಕದ್ದು.

೨. "ಮತ್ತೆ ಮತ್ತೆ ಮಾಡಿ" ಎಂದರೆ ಸಾಲದು, ಎಷ್ಟು ಸಲ ಎಂದು ನಮೂದಿಸತಕ್ಕದ್ದು. ಪಕ್ಕದ ತರಗತಿಯಲ್ಲಿ ಹೊಲಿಗೆ ಟೀಚರ್ ಬುಧವಾರದಿಂದ ಕುಪ್ಪಳಿಸುತ್ತಿದ್ದು, ಸದರಿಯವರನ್ನು ತುರ್ತಾಗಿ ನಿಲ್ಲಿಸತಕ್ಕದ್ದು.

೩. ಶಿಕ್ಷಕರನ್ನು ಆಫ್ ಮಾಡಲು ಮೂಗು ಒತ್ತುವುದನ್ನು ನಿಷೇಧಿಸಲಾಗಿದೆ. ಮುಖ್ಯೋಪಾಧ್ಯಾಯರ ಮೂಗಿಗೆ ಪೂರ್ವಾನುಮತಿ ಅಗತ್ಯ.

೪. ತಾವೇ ಕಂಪ್ಯೂಟರ್ ಎಂದು ಮನೆಯಲ್ಲೂ ಸಾಧಿಸುವ ಶಿಕ್ಷಕರ ಬಗ್ಗೆ ಹೆಂಡತಿ ಅಥವಾ ಗಂಡ ದೂರು ಕೊಟ್ಟರೆ ಇಲಾಖೆ ಹೊಣೆಯಲ್ಲ. "ಪಾತ್ರೆ ತೊಳೆಯಿರಿ, ಮುಗಿಯುವವರೆಗೆ" ಎಂದು ಬರೆದುಕೊಡಬಹುದು.

೫. ಮೇಷ್ಟ್ರ ಅಮಾನತನ್ನು ರದ್ದುಪಡಿಸಲಾಗಿದೆ. ಆದೇಶ ಬರೆಯಲು ಕಲಿಯುವವರೆಗೆ, ಕಲಿತ ದಿನವೇ ಕೊನೆಗೊಳ್ಳುವಂತೆ, ಈ ಕಚೇರಿಯ ಸಮಸ್ತ ಅಧಿಕಾರಿಗಳು ಪ್ರತಿ ಶನಿವಾರ ಏಳನೇ ತರಗತಿಗೆ ಹಾಜರಾಗತಕ್ಕದ್ದು.

ಸಹಿ/-
ಉಪ ನಿರ್ದೇಶಕರು
(ಏಳನೇ ತರಗತಿ 'ಬಿ', ಕೊನೆಯ ಬೆಂಚು)

ಪ್ರತಿಗಳು:
• ಮುಖ್ಯೋಪಾಧ್ಯಾಯರಿಗೆ, ದೊಡ್ಡ ಅಳತೆಯ ಬೆಂಚುಗಳಿಗಾಗಿ.
• ಹೊಲಿಗೆ ಟೀಚರ್ ಅವರಿಗೆ, ನೆಲದ ಮೇಲಿರುವಾಗ ತಲುಪಿಸುವುದು.
• ಚಿನಕುರುಳಿಗೆ, ಕೆಂಪು ಶಾಯಿಯಲ್ಲಿ ತಿದ್ದಲು.
• ಕೆಳಸಹಿದಾರರ ತಾಯಿಯವರಿಗೆ, ಹೋಂವರ್ಕ್ ಪುಸ್ತಕದಲ್ಲಿ ಪೋಷಕರ ಸಹಿಗಾಗಿ.