ಕೊಬ್ಬು ಯಾರ ಕಡೆಯದ್ದು?

ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಸೂಜಿಗೆ ಹೆದರುವವರು ಕಡಿಮೆ, ಕೊಲೆಸ್ಟ್ರಾಲ್ ರಿಪೋರ್ಟಿನ ಜೊತೆ ಜಗಳಕ್ಕೆ ನಿಲ್ಲುವವರೇ ಜಾಸ್ತಿ. ಅದೂ ಎಳೆ ವಯಸ್ಸಿನವರ ರಿಪೋರ್ಟಾದರೆ ಮುಗಿದೇಹೋಯಿತು.

ಮಷೀನಿನ ಕಾಯಿಲೆ

ಠಾಣೆ ನಗರದಲ್ಲಿ ಹೋಟೆಲಿಟ್ಟಿರುವ ಉಡುಪಿಯವರೊಬ್ಬರು ಕಾಲೇಜಿಗೆ ಹೋಗುವ ಮಗಳ ರಿಪೋರ್ಟು ಹಿಡಿದು ಬಂದರು. "ಹುಡುಗಿ ನುಗ್ಗೆಕಾಯಿಯ ಹಾಗಿದ್ದಾಳೆ. ಇವಳಿಗೆ ಎಂತದ್ದು ಕೊಲೆಸ್ಟ್ರಾಲ್? ನಿಮ್ಮ ಮಷೀನ್ ಸರಿ ಇಲ್ಲ."

"ತೆಳ್ಳಗಿದ್ದವರಿಗೂ ಇರುತ್ತದೆ ಅಣ್ಣ, ಹೊರಗೆ ಕಾಣುವುದಿಲ್ಲ."

"ಹಾಗಾದರೆ ನನ್ನದು ತೆಗೆಯಿರಿ, ನೋಡುವ!"

ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದಾಗ ತೆಗೆದೆ. ಮಗಳದ್ದಕ್ಕಿಂತ ಜಾಸ್ತಿ ಬಂತು. ಅವರು ಗೆದ್ದವರಂತೆ ಮೇಜು ಕುಟ್ಟಿದರು. "ನಾನು ಹೇಳಲಿಲ್ವಾ? ಯಾರ ರಕ್ತ ಹಾಕಿದರೂ ಜಾಸ್ತಿಯೇ. ಕೊಲೆಸ್ಟ್ರಾಲ್ ಇರುವುದು ನಿಮ್ಮ ಮಷೀನಿಗೆ!"

ಖಾಲಿ ಹೊಟ್ಟೆ

ಭಿವಂಡಿಯ ಗೋದಾಮಿನಲ್ಲಿ ಮೂಟೆ ಹೊರುವ ವಿಜಯಪುರದ ತರುಣನೊಬ್ಬ ಬಂದ. ಅಣ್ಣನಿಗೆ ಸಣ್ಣ ವಯಸ್ಸಿಗೇ ಎದೆನೋವು ಬಂದಿದ್ದರಿಂದ ಡಾಕ್ಟರು ಇವನನ್ನೂ ಕಳಿಸಿದ್ದರು. ಖಾಲಿ ಹೊಟ್ಟೆಯಲ್ಲಿ ಬಾ ಎಂದಿದ್ದರೂ ರೊಟ್ಟಿ ಉಂಡೇ ಬಂದಿದ್ದ. "ನಾಳೆ ಉಪವಾಸ ಬಾರಪ್ಪ," ಎಂದೆ.

"ಯಾಕ್ರೀ ಅಕ್ಕಾರ? ನಾ ದಿನಾ ಉಂಡು ಬದುಕಾಂವ. ಉಪವಾಸ ಇದ್ದಾಗಿನ ರಕ್ತ ನೋಡಿದ್ರ ಅದು ಬ್ಯಾರೆ ಯಾರದೋ ರಿಪೋರ್ಟ್ ಆಗ್ತೈತಿ!"

ಯಾರ ಕಡೆಯದ್ದು?

ಕಲ್ಯಾಣದ ಹೆಂಗಸೊಬ್ಬಳ ಗಂಡನಿಗೆ ಮೂವತ್ತೈದಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು, ಹೇಗೋ ಬದುಕಿಕೊಂಡಿದ್ದ. ಮಗಳ ರಕ್ತವನ್ನೂ ನೋಡಿಸಿ ಎಂದರು ಡಾಕ್ಟರು. ಹತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಬೆನ್ನಿಗೇ ಅತ್ತೆಯೂ ಬಂದರು.

"ಈ ಮಗುವಿಗೆ ಎಂತ ಹಾರ್ಟಿನ ಟೆಸ್ಟು? ಹೊರಗೆ ಗೊತ್ತಾದರೆ ನಾಳೆ ಇವಳನ್ನು ಯಾರು ಮದುವೆಯಾಗುತ್ತಾರೆ? ನಮ್ಮ ಕಡೆ ಯಾರಿಗೂ ಇಲ್ಲ. ಹೇಳಿದ್ದು ಕೇಳುವುದಿಲ್ಲ, ಕೊಬ್ಬು ನಿನಗೆ!"

ಸೊಸೆ ಡಾಕ್ಟರರ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟಳು. "ಮದುವೆ ಆಮೇಲಾಯಿತು ಅತ್ತೆ, ಮೊದಲು ಅವಳು ಬದುಕಬೇಕು. ಯಾರ ಕಡೆಯದ್ದು ಅಂತಲೂ ನೋಡಿಯೇಬಿಡೋಣ. ಅಕ್ಕ, ಮೂವರೂ ಇನ್ನೂ ತಿಂಡಿ ತಿಂದಿಲ್ಲ, ಮೂವರದ್ದೂ ತೆಗೆಯಿರಿ." ಕೂತು, ತಾನೇ ಮೊದಲು ತೋಳು ಚಾಚಿದಳು. ಅತ್ತೆಯೂ ಹಠಕ್ಕೆ ಬಿದ್ದು ಸೆರಗು ಸರಿಸಿದರು.

ಸಂಜೆ ಮೂವರೂ ಮತ್ತೆ ಬಂದಾಗ ನಮ್ಮ ಡಾಕ್ಟರು ರಿಪೋರ್ಟು ಬಿಡಿಸಿ ಹೇಳಿದರು. ಸೊಸೆಯದ್ದು ಸರಿಯಾಗಿದೆ. ಮಗುವಿನದ್ದು ಜಾಸ್ತಿ. ಅಜ್ಜಿಯದ್ದು ಇನ್ನೂ ಜಾಸ್ತಿ. "ರಕ್ತದಲ್ಲಿ ಕೊಬ್ಬು ಹೆಚ್ಚುವುದು ಈ ಮನೆಯಲ್ಲಿ ವಂಶಪಾರಂಪರ್ಯ. ಮಗುವಿನದ್ದು ಇಷ್ಟು ಬೇಗ ಗೊತ್ತಾಗಿದ್ದೇ ಒಳ್ಳೆಯದಾಯಿತು. ಪಥ್ಯ, ಔಷಧಿ ಸರಿಯಾಗಿ ನಡೆದರೆ ಅಪ್ಪನ ಹಾಗಾಗದಂತೆ ನೋಡಿಕೊಳ್ಳಬಹುದು."

ಸೊಸೆ ಕಣ್ಣೊರೆಸಿಕೊಂಡಳು. ಮಾತಾಡಿದ್ದು ಮಗಳು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ.

"ಅಜ್ಜಿ, ಮಮ್ಮಿ ಮೇಂ ತೋ ಕೊಬ್ಬು ಹೈ ಹೀ ನಹೀ! ಆಪ್ ಮೇಂ ಹೈ. ಔರ್ ಮುಝೆ ಭೀ ದೇ ದಿಯಾ!"

ಅಮ್ಮನಿಗಿಲ್ಲದ ಕೊಬ್ಬು ನಿಮಗಿದೆ, ನನಗೂ ಕೊಟ್ಟಿರಿ ಎಂದು ಮೊಮ್ಮಗಳೇ ಹೇಳಿದರೂ ಅಜ್ಜಿ ಸೊಸೆಯ ಕಡೆ ನೋಡಲಿಲ್ಲ. ಮಗುವನ್ನು ಪಕ್ಕಕ್ಕೆಳೆದುಕೊಂಡು ತಲೆ ನೇವರಿಸಿದರು.

"ಕೊಡದೆ ಮತ್ತೆ? ಮೊಮ್ಮಗಳು ಯಾರದ್ದು!"