ಪಿಯಾನೋ ಕಾಲೇಜಿನ ಸಾಂಬಾರು

ಮೋಹನದಾಸರ ಫಜೀತಿಗೆಲ್ಲ ಮೂಲ ಅವರದೇ ಬಾಯಿ. ಹಿಂದಿನ ದಿನ ಸಂಜೆ ಹೋಟೆಲಿನ ಗಲ್ಲಾದಲ್ಲಿ ಕೂತು, ಯಾರೂ ಕೇಳದಿದ್ದರೂ, ಒಂದು ಮಾತು ಹೇಳಿಬಿಟ್ಟಿದ್ದರು.

"ಕಾಲೇಜು ಹೇಗುಂಟು ಅಂತ ತಿಳೀಬೇಕಾದ್ರೆ ಮಾಸ್ತರರನ್ನು ಕೇಳ್ಬಾರದು ಮಾರಾಯ್ರೆ. ಅಲ್ಲಿಯ ಕ್ಯಾಂಟೀನಿನ ಸಾಂಬಾರು ಕುಡಿದು ನೋಡ್ಬೇಕು. ಸಾಂಬಾರು ಸರಿ ಇದ್ರೆ ಎಲ್ಲವೂ ಸರಿ."

ಮಾತಿಗೆ ಕಾರಣವಿತ್ತು. ಪುಣೆಯ ಚಿಂಚವಾಡದಲ್ಲಿ ಉಡುಪಿ ಹೋಟೆಲು ನಡೆಸುವ ಮೋಹನದಾಸರಿಗೆ ಅಪೇಕ್ಷಾ ಒಬ್ಬಳೇ ಮಗಳು. ಅವಳಿಗೆ ಪಿಯಾನೋದಲ್ಲೇ ಡಿಗ್ರಿ ಮಾಡಬೇಕು. ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಚೆನ್ನೈಯ ಕಾಲೇಜಿನಲ್ಲಿ ಅಭ್ಯಾಸಕ್ಕೆ ಕೋಣೆಗೊಂದು ಪಿಯಾನೋ, ರಷ್ಯಾದಲ್ಲಿ ಕಲಿತು ಬಂದ ಗುರುಗಳು. ಪುಣೆಯದ್ದು ಕ್ಯಾಂಪ್ ಬಡಾವಣೆಯ ಒಂದು ಹಳೆ ಬಂಗಲೆ. ಒಳ್ಳೆಯ ಪಿಯಾನೋ ಒಂದೇ ಒಂದು, ಸರದಿ ಕಾಯಬೇಕು. ಆದರೆ ಕಲಿಸುವವರು ಮಿಸ್ತ್ರಿ ಮೇಡಂ. ಅವರ ಕಿವಿ ತಪ್ಪಿಸಿ ಒಂದು ತಪ್ಪು ಸ್ವರವೂ ಆಚೆ ಹೋಗುವುದಿಲ್ಲವೆಂದು ಪ್ರತೀತಿ. ಎಲ್ಲಿ ಸೇರುವುದೆಂದು ಈ ದಿನ ಸಂಜೆಯೊಳಗೆ ತಿಳಿಸಬೇಕಿತ್ತು. "ಎರಡೂ ಒಳ್ಳೇದೇ ಪಪ್ಪ, ನೀವೇ ಹೇಳಿ" ಎಂದು ಮಗಳು ಆರಾಮಾಗಿ ಕೂತಿದ್ದಳು.

ಮೋಹನದಾಸರಿಗೆ ಮಗಳು ಪುಣೆಯಲ್ಲೇ ಇರಬೇಕು. ಹಿಂದೊಮ್ಮೆ ದೇಹೂ ರೋಡಿನ ಮಿಲಿಟರಿ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಮಾರಿದ ಪಿಯಾನೋವನ್ನು ಹೋಟೆಲಿನ ಕೆಲಸದವರೆಲ್ಲ ಹೆಗಲು ಕೊಟ್ಟು ಮೇಲಿನ ಮನೆಗೆ ಏರಿಸಿದ್ದರು. ಅಂದಿನಿಂದ ಸಂಜೆ ಕಾಫಿಯ ಗಿರಾಕಿಗಳು ಹೋಗಿ ಊಟದವರು ಬರುವವರೆಗಿನ ಹೊತ್ತಿನಲ್ಲಿ ಅವರು ಮೆಟ್ಟಿಲ ಮೇಲೆ ನಿಂತು ಮಗಳು ನುಡಿಸುವುದನ್ನು ಕೇಳುತ್ತಿದ್ದರು. ಏನು ನುಡಿಸುತ್ತಾಳೆಂದು ಅವರಿಗೆ ಒಂದು ದಿನವೂ ತಿಳಿದದ್ದಿಲ್ಲ. ಆದರೆ ಅದನ್ನು ಕೇಳದ ದಿನ ಊಟ ಸೇರುತ್ತಿರಲಿಲ್ಲ. ಇದನ್ನು ಬಾಯಿ ಬಿಟ್ಟು ಹೇಳಿದರೆ ಮಗಳ ಕಾಲಿಗೆ ಹಗ್ಗ ಕಟ್ಟಿದ ಅಪ್ಪ ಎಂಬ ಹೆಸರು ಬರುತ್ತದೆ. ಅದಕ್ಕೇ ಸಾಂಬಾರಿನ ನೆಪ. ಚೆನ್ನೈಗೆ ಹೋಗಿ ಸಾಂಬಾರು ಕುಡಿದು ಬರುವವರು ಯಾರು? ಪುಣೆಯದ್ದನ್ನು ಒಂದು ಗುಟುಕು ಕುಡಿದು "ಪಾಸ್" ಎಂದರೆ ಆಯಿತು.

ಬೆಳಗಾಗುವಷ್ಟರಲ್ಲಿ ಆ ಮಾತು ದೇಹೂ ರೋಡಿಗೆ ಹೋಗಿ ರಾಘಣ್ಣನನ್ನು ಕರೆದುಕೊಂಡು ಬಂದಿತ್ತು. ಪುಣೆಯ ಕರಾವಳಿ ಹೋಟೆಲಿನವರಲ್ಲಿ ರಾಘಣ್ಣ ಹಿರಿಯ. ಹೊಸ ಅಡುಗೆಯವನನ್ನು ಯಾರೇ ಇಟ್ಟುಕೊಳ್ಳಲಿ, ರಾಘಣ್ಣ ರುಚಿ ನೋಡಿ ತಲೆಯಾಡಿಸಿದರೇ ಕೆಲಸ ಖಾಯಂ. ಗೆಳೆಯನ ಹೋಟೆಲಿನಲ್ಲೇ, ಗಿರಾಕಿಗಳ ಎದುರಿಗೇ, "ಇದು ನಿನ್ನೆಯದ್ದು" ಎಂದು ಸಾರಿದ ನಾಲಿಗೆ ಅದು.

"ಮೋಹನ, ನಿನ್ನ ಮಾತು ನೂರಕ್ಕೆ ನೂರು ಸರಿ ಮಾರಾಯ" ಎಂದ ರಾಘಣ್ಣ ಕೂರುವ ಮೊದಲೇ. "ಆ ಚೆನ್ನೈ ಕಾಲೇಜಿನ ಕ್ಯಾಂಟೀನ್ ಯಾರದ್ದು ಗೊತ್ತುಂಟಾ? ನಮ್ಮ ಅಳಿಯ ಸುದೀಪಂದು! ಅವನ ಸಾಂಬಾರಿಗೆ ಮಕ್ಕಳು ಕ್ಲಾಸ್ ಬಿಟ್ಟು ಬರ್ತಾರೆ. ಚೆನ್ನೈ ಪಾಸ್. ಇನ್ನು ಇಲ್ಲಿಯದ್ದು ನೋಡುವ. ತೀರ್ಪಿಗೆ ನಾನೇ ಬರ್ತೇನೆ."

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ಮೋಹನದಾಸರು ಕಾರಿನ ಬೀಗದ ಕೈ ಹುಡುಕುವ ನೆಪ ಮಾಡುತ್ತಿರುವಾಗ ಎದುರು ಮನೆಯ ಸಾವಿತ್ರಿಬಾಯಿ ಸೆರಗು ಸಿಕ್ಕಿಸಿಕೊಳ್ಳುತ್ತ ಬಂದರು. ಕಲಬುರ್ಗಿ ಕಡೆಯವರು, ಅವರಿಲ್ಲದೆ ಆ ಕಟ್ಟಡದಲ್ಲಿ ಯಾವ ಕಾರ್ಯವೂ ನಡೆದದ್ದಿಲ್ಲ.

"ತಡೀರಿ ಅಣ್ಣಾರ, ನಾನೂ ಬರ್ತೀನಿ. ನಮ್ಮ ಅಪೇಕ್ಷಾನ ಪೇಟಿ ಸಾಲಿ ಹೆಂಗದ ನೋಡಬೇಕು."

"ಹಾರ್ಮೋನಿಯಂ ಪೇಟಿ ಅಲ್ಲ ಕಾಕೂ, ಪಿಯಾನೋ" ಎಂದಳು ಅಪೇಕ್ಷಾ.

"ಅದೇ ಅಲ್ಲೇನವಾ, ದೊಡ್ಡ ಪೇಟಿ!"

ಹೆಂಡತಿ ಹರಿಣಾಕ್ಷಿಯನ್ನು ಗಲ್ಲಾದಲ್ಲಿ ಕೂರಿಸಿ ಕಾರು ಹೊರಟಿತು. "ಸಾಂಬಾರು ಕುಡಿದು ಸೀದಾ ಬನ್ನಿ, ಮಧ್ಯಾಹ್ನದ ರಶ್ಶಿಗೆ ನಾನೊಬ್ಬಳೇ" ಎಂದು ಆಕೆ ಕೂಗಿ ಹೇಳಿದರು. ದಾರಿಯುದ್ದಕ್ಕೂ ರಾಘಣ್ಣ ಅಳಿಯನ ಸಾಂಬಾರನ್ನು ಬಣ್ಣಿಸಿದ, ಮೋಹನದಾಸರು ಹೂಂಗುಟ್ಟಿದರು.

ಕಾಲೇಜಿನಲ್ಲಿ ಮಿಸ್ತ್ರಿ ಮೇಡಂ ನಗುನಗುತ್ತ ಎದುರಾದರು. ಬೆಳ್ಳಿ ಕೂದಲಿನ ಪಾರ್ಸಿ ಹೆಂಗಸು. ಅಪೇಕ್ಷಾಳ ಕೈಹಿಡಿದು ಮಹಡಿಯ ಪಿಯಾನೋ ಹತ್ತಿರ ಕರೆದೊಯ್ದರು. ರಾಘಣ್ಣ, ಸಾವಿತ್ರಿಬಾಯಿ ಇಬ್ಬರೂ ಹಿಂದೆ ಹತ್ತಿದರು. "ಕಾರು ಸರಿಯಾಗಿ ನಿಲ್ಲಿಸಿ ಬರ್ತೇನೆ" ಎಂದು ಮೋಹನದಾಸರು ಹಿಂದಿನ ಅಂಗಳದ ಕ್ಯಾಂಟೀನಿಗೆ ಜಾರಿದರು. ತೀರ್ಪಿಗೆ ಮೊದಲು ಸಾಂಬಾರಿನ ಮುಖ ನೋಡದೆ ಅವರ ಜೀವಕ್ಕೆ ಸಮಾಧಾನವಿರಲಿಲ್ಲ.

ನೋಡಿದ ಮೇಲೆ ಇದ್ದ ಸಮಾಧಾನವೂ ಹೋಯಿತು. ಪಾತ್ರೆಯಲ್ಲಿ ಬೇಳೆ ಒಂದು ಕಡೆ, ನೀರು ಒಂದು ಕಡೆ, ಜಗಳವಾಡಿದ ಅತ್ತೆ ಸೊಸೆಯರ ಹಾಗೆ ನಿಂತಿದ್ದವು. ಒಂದು ಚಮಚ ಬಾಯಿಗಿಟ್ಟು, "ಅಯ್ಯೋ ದೇವರೇ" ಎಂದು ಕನ್ನಡದಲ್ಲೇ ನರಳಿದರು.

"ನೀವು ನಮ್ಮವರೇನ್ರಿ?" ಎಂದು ಒಲೆಯ ಹತ್ತಿರ ನಿಂತಿದ್ದ ಗಟ್ಟಿಮುಟ್ಟು ಆಳು ಕಣ್ಣರಳಿಸಿದ. ಹೆಸರು ಕಿಶೋರ.

"ಈ ಸಾಂಬಾರು ಯಾರು ಮಾಡಿದ್ದು?"

"ನಾನಾ ರೀ. ಖರೇ ಹೇಳಬೇಕಂದ್ರ ನಾ ಗೌಂಡಿ ಕೆಲಸದಾಂವ. ಹಿಂದಿನ ಗ್ವಾಡಿಗೆ ಪ್ಲಾಸ್ಟರ್ ಮಾಡಾಕ ಬಂದಿದ್ದೆ. ಕ್ಯಾಂಟೀನ್ ಮಾಲಕ ನಡುವ ಬಿಟ್ಟು ಓಡಿಹ್ವಾದ. ಹುಡುಗರು ಉಪಾಸ ಬೀಳತಾವಂತ ಮೇಡಂ ನನ್ನ ಇಲ್ಲಿ ನಿಂದರಿಸ್ಯಾರ. ನೀರು ಹಾಕೀನಿ, ಬ್ಯಾಳಿ ಹಾಕೀನಿ, ಖಾರದಪುಡಿ ಹಾಕೀನಿ. ಯಾಕ ಕೂಡವಲ್ದು ನೋಡ್ರಿ."

ಮೋಹನದಾಸರು ಮೇಲೆ ನೋಡಿದರು. ಮಹಡಿಯಿಂದ ಮಗಳ ಪಿಯಾನೋ ಕೇಳುತ್ತಿತ್ತು. ಅದು ನಿಂತ ಕೂಡಲೇ ರಾಘಣ್ಣನ ನಾಲಿಗೆ ಕೆಳಗಿಳಿದು ಬರುತ್ತದೆ. ಈ ಸಾಂಬಾರು ಆ ನಾಲಿಗೆ ಮುಟ್ಟಿದರೆ ಮಗಳು ಚೆನ್ನೈ ರೈಲು ಹತ್ತಿದಂತೆಯೇ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿದರು.

"ಓಡು ಕಿಶೋರ. ತೆಂಗಿನಕಾಯಿ, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸು, ಇಂಗು. ನಿಂತು ನೋಡ್ಬೇಡ!"

ಮುಂದೆ ನಡೆದದ್ದು ಮೋಹನದಾಸರಿಗೇ ಸರಿಯಾಗಿ ನೆನಪಿಲ್ಲ. ಹುರಿದರು, ರುಬ್ಬಿದರು, ಹುಣಸೆ ಕಿವುಚಿದರು, ಬೆಲ್ಲ ಜಜ್ಜಿ ಹಾಕಿದರು. ಇಂಗಿನ ಒಗ್ಗರಣೆ ಚೊಯ್ ಎಂದದ್ದೇ ತಡ, ಅದರ ಘಮ ಬಂಗಲೆಯ ಮರದ ಮೆಟ್ಟಿಲು ಹತ್ತಿ ಒಂದೊಂದೇ ಕ್ಲಾಸಿನ ಬಾಗಿಲು ತಟ್ಟಿತು. ಪಿಟೀಲಿನವರು ಬಂದರು, ಹಾಡುವವರು ಬಂದರು. ತಟ್ಟೆ ಹಿಡಿದು ಸಾಲು ನಿಂತವರನ್ನು ಕಂಡರೆ ಹೋಟೆಲಿನವನ ಕೈ ಸುಮ್ಮನಿರುತ್ತದೆಯೇ? ಸೌಟು ಹಿಡಿದು ಬಡಿಸತೊಡಗಿದರು. "ಅಂಕಲ್, ಆಣಖೀ ಥೋಡಂ" ಎಂದು ಇನ್ನೂ ಸ್ವಲ್ಪ ಕೇಳುತ್ತ ಮಕ್ಕಳು ಮತ್ತೆ ಮತ್ತೆ ತಟ್ಟೆ ಚಾಚಿದರು. ಈ ಗದ್ದಲದಲ್ಲಿ ಪಿಯಾನೋ ನಿಂತದ್ದು ಅವರಿಗೆ ಕೇಳಲೇ ಇಲ್ಲ.

"ಅಯ್ಯ! ಅಣ್ಣಾರ, ಸೌಟು ಹಿಡಕೊಂಡು ಇಲ್ಲೇನ್ ಮಾಡ್ಲಿಕತ್ತೀರಿ?"

"ಮೆಲ್ಲ ಮಾತಾಡಿ ಸಾವಿತ್ರಕ್ಕ, ನಿಮ್ಮ ಕಾಲಿಗೆ ಬೀಳ್ತೇನೆ."

"ಮೆಲ್ಲಕ ಯಾಕ್ರಿ? ಕಳವು ಮಾಡೀರೇನು? ರಾಘಣ್ಣಾರ, ಬರ್ರಿಲ್ಲೆ, ಭಾಳ ಮಜಾ ಅದ!"

ರಾಘಣ್ಣ ಅಷ್ಟರಲ್ಲಾಗಲೇ ಯಾರದೋ ಕೈಯಿಂದ ಬಟ್ಟಲು ತೆಗೆದುಕೊಂಡು ಕಣ್ಣು ಮುಚ್ಚಿ ಕುಡಿಯುತ್ತಿದ್ದ. "ಪಾಸ್" ಎಂದ. ಆಮೇಲೆ ಕಣ್ಣು ಬಿಟ್ಟ, ಸೌಟು ಹಿಡಿದ ಕೈಯನ್ನು ನೋಡಿದ, ಕೈಯ ಮೇಲಿನ ಮುಖವನ್ನೂ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ ಮೇಡಂ ಮುಂದೆ ಬಂದರು.

"ಅಂತೂ ಬಂದಿರಲ್ಲ!" ಎಂದರು ಹಿಂದಿಯಲ್ಲಿ. "ಹೊಸ ಕ್ಯಾಂಟೀನಿನವರನ್ನು ಕಳಿಸುತ್ತೇವೆ ಅಂತ ಕಮಿಟಿಯವರು ಹೇಳುತ್ತಲೇ ಇದ್ದರು. ಅದು ನೀವೇ ಅಂತ ಬೆಳಿಗ್ಗೆ ಹೇಳಬಾರದಿತ್ತೇ?"

ಮೋಹನದಾಸರ ಮುಂದೆ ಎರಡು ದಾರಿ. ಒಂದು, ಮಗಳನ್ನು ಇಲ್ಲೇ ಉಳಿಸಿಕೊಳ್ಳಲು ಸಾಂಬಾರಿನಲ್ಲಿ ಕಳ್ಳಾಟವಾಡಿದೆ ಎಂದು ರಾಘಣ್ಣನ ಎದುರು ಒಪ್ಪಿಕೊಳ್ಳುವುದು. ಇನ್ನೊಂದು, "ಹಾಂ ಜೀ" ಎನ್ನುವುದು. ಅವರು "ಹಾಂ ಜೀ" ಎಂದರು.

"ಮೂರು ವರ್ಷ. ಹಿಂದಿನವನ ಹಾಗೆ ನಡುವೆ ಬಿಟ್ಟು ಹೋಗುವುದಿಲ್ಲ ತಾನೇ?"

ಉತ್ತರ ಕೊಟ್ಟದ್ದು ರಾಘಣ್ಣ. "ನಮ್ಮವರು ಒಲೆ ಹಚ್ಚಿದ ಮೇಲೆ ಬಿಟ್ಟು ಹೋದದ್ದೇ ಇಲ್ಲ ಮೇಡಂ. ಇವನಿಗೆ ನಾನು ಜವಾಬ್ದಾರ." ಹೋಟೆಲಿನವರಲ್ಲಿ ಹಿರಿಯನೊಬ್ಬ ಹೀಗೆ ಹೇಳಿದರೆ ಮುಗಿಯಿತು, ಕಾಗದ ಪತ್ರ ಬೇಡ. ಮೋಹನದಾಸರ ಬೆನ್ನು ತಟ್ಟಿ, "ಗುಟ್ಟಾಗಿ ಕ್ಯಾಂಟೀನ್ ಹಿಡಿದಿದ್ದೀಯಲ್ಲ, ಕಳ್ಳ!" ಎಂದು ನಕ್ಕ.

ಮೊದಲು ಬೆವರಿದ ಮೋಹನದಾಸರಿಗೆ ನಿಧಾನವಾಗಿ ಸಂತೋಷವಾಗತೊಡಗಿತು. ಮೇಲೆ ಮಗಳು ನುಡಿಸುತ್ತಾಳೆ, ಕೆಳಗೆ ತಾನು ಒಗ್ಗರಣೆ ಹಾಕುತ್ತೇನೆ. ಸಂಜೆಯವರೆಗೆ ಕಾಯುವುದೂ ಬೇಡ, ಮೂರು ವರ್ಷ ಇಡೀ ದಿನ ಪಿಯಾನೋ. ಹಾಲು ಬಯಸಿದವನಿಗೆ ಹಾಲು ಸಕ್ಕರೆ ಎರಡೂ ಸಿಕ್ಕಿದ್ದವು.

ಅಪೇಕ್ಷಾ ಬಟ್ಟಲು ಹಿಡಿದು ಹತ್ತಿರ ಬಂದಳು. ಒಂದು ಗುಟುಕು ಕುಡಿದಿದ್ದಳು, ಅಷ್ಟೇ. ಹುಟ್ಟಿದಾಗಿನಿಂದ ತಿಂದ ಸಾಂಬಾರು. ಗುರುತು ಹಿಡಿಯಲು ಅಷ್ಟು ಸಾಕು.

"ಪಪ್ಪ, ಒಂದು ಹೇಳ್ತೇನೆ, ಬೇಜಾರು ಮಾಡ್ಬಾರದು."

"ಹೇಳು ಮಗಾ."

"ನಾನು ನಿನ್ನೆಯೇ ಪುಣೆ ಅಂತ ನಿಶ್ಚಯ ಮಾಡಿದ್ದೆ. ನೀವು ಮೆಟ್ಟಿಲಲ್ಲಿ ನಿಂತು ಕೇಳುವುದು ನನಗೆ ಗೊತ್ತಿಲ್ವಾ? ಹಗಲು ಇಲ್ಲಿ ಕಲಿತು, ಸಂಜೆ ಮನೆಗೆ ಬಂದು ನಿಮಗೆ ಕೇಳುವ ಹಾಗೆ ನುಡಿಸುವ ಅಂತ ಇದ್ದೆ."

ಮೋಹನದಾಸರ ಕಣ್ಣು ತುಂಬಿತು. ಇಷ್ಟು ದಿನ ಮುಚ್ಚಿಟ್ಟದ್ದು ಅವಳಿಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ. "ಮತ್ತೆ ಎಲ್ಲ ಸರಿಯಾಯ್ತಲ್ಲ!" ಎಂದರು.

"ಎಂತ ಸರಿ? ಸಂಜೆ ಕೇಳುವುದು ಬೇರೆ. ದಿನವಿಡೀ ಕೆಳಗೆ ಸೌಟು ಹಿಡಿದು ನಿಂತ್ರೆ ಹೇಗೆ ಪಪ್ಪ? ನಾನು ಮೇಲೆ ಒಂದು ಸ್ವರ ತಪ್ಪಿದ್ರೆ ನೀವು ಇಲ್ಲಿ ಉಪ್ಪು ಜಾಸ್ತಿ ಹಾಕ್ತೀರಿ. ನೂರು ಮಕ್ಕಳು ನನ್ನನ್ನು ಬೈತಾರೆ. ಈಗಷ್ಟೇ ಒಬ್ಬಳು ಕೇಳಿದ್ಳು, ಸಾಂಬಾರ್ ಅಂಕಲ್‌ನ ಮಗಳಾ ನೀನು ಅಂತ. ಸೇರುವ ಮೊದಲೇ ಹೆಸರು ಬಿತ್ತು."

"ಹಾಗಾದ್ರೆ ಕ್ಯಾಂಟೀನ್ ಬಿಡ್ತೇನೆ. ಈಗಲೇ ಬಿಡ್ತೇನೆ!"

"ವಾಪಸ್ ಮಾಡ್ಲಿಕ್ಕೆ ನಾನು ಕೊಟ್ಟ ಮಾತು ಎಂತ ಇಡ್ಲಿ ಪಾರ್ಸೆಲ್ಲಾ?" ಎಂದ ರಾಘಣ್ಣ. "ಕೊಟ್ಟಾಯ್ತು, ಮುಗೀತು. ಮತ್ತೆ ಒಂದು ಕೇಳು. ನೀನೇ ಮಾಡಿದ ಸಾಂಬಾರನ್ನು ಪಾಸ್ ಮಾಡಿದ್ದು ಲೆಕ್ಕಕ್ಕಿಲ್ಲ. ನಿನ್ನದೇ ಕಾನೂನು ಪ್ರಕಾರ ಉಳಿದದ್ದು ಚೆನ್ನೈ."

"ಖರೇ ಅದ" ಎಂದು ಸಾವಿತ್ರಿಬಾಯಿ ಎರಡನೇ ತಟ್ಟೆ ಇಡ್ಲಿ ಮುಗಿಸುತ್ತ ಸಾಕ್ಷಿ ನುಡಿದರು.

ಅಪೇಕ್ಷಾ ಅಪ್ಪನ ಒದ್ದೆ ಕೈಯನ್ನು ಒಂದು ಕ್ಷಣ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಫೋನು ತೆಗೆದುಕೊಂಡು ಅಂಗಳದ ಕಡೆ ಹೋಗಿ ಚೆನ್ನೈಗೆ ಮಾತಾಡಿದಳು. ಇತ್ತ ಕಿಶೋರ ಸೌಟು, ಬಾಣಲೆ, ಬೀಗದ ಕೈ ಎಲ್ಲವನ್ನೂ ಮೋಹನದಾಸರ ಮುಂದಿಟ್ಟು, ಅಂಗಿ ಕೊಡವಿಕೊಂಡು, ಸಂತೋಷದಿಂದ ತನ್ನ ಗೋಡೆಯ ಕಡೆ ನಡೆದ.

ಮಧ್ಯಾಹ್ನದ ರಶ್ಶು ಮುಗಿಸಿ ಹರಿಣಾಕ್ಷಿ ಫೋನು ಮಾಡಿದರು.

"ಎಲ್ಲಿದ್ದೀರಿ ನೀವು? ಸೀಟಿನದ್ದು ಎಂತಾಯ್ತು? ಪುಣೆಯಾ, ಚೆನ್ನೈಯಾ?"

ಮೋಹನದಾಸರು ಒಲೆಯ ಉರಿ ಸಣ್ಣದು ಮಾಡಿದರು.

"ಅಪೇಕ್ಷಾ ಚೆನ್ನೈಗೆ ಹೋಗ್ತಾಳೆ" ಎಂದರು. "ಇಲ್ಲಿಗೆ ಸೇರಿದ್ದು ನಾನು. ಮೂರು ವರ್ಷ."